ಕಾರ್ಯವಾಸಿ ಕತ್ತೆ ಕಾಲು ಹಿಡಿ: ಕತ್ತೆ ಸಾಕುವವರಿಗೆ ಕಲಿಸುವುದು ಹೇಗೆ

ನನ್ನ ಮೊದಲ ಶಿಬಿರಕ್ಕೆ ಮೂರು ಜನ ಬಂದಿದ್ದರು. ಅದರಲ್ಲಿ ಒಬ್ಬ ಚಹಾ ತಂದವನು. ಪಶು ಆಸ್ಪತ್ರೆಯ ಅಂಗಳದಲ್ಲಿ ಶಾಮಿಯಾನ ಹಾಕಿಸಿ, ಬ್ಯಾನರ್ ಕಟ್ಟಿಸಿ, ಬೆಳಿಗ್ಗೆ ಹನ್ನೊಂದಕ್ಕೆ ಮೈಕು ಹಿಡಿದು ನಿಂತಿದ್ದೆ. ಹನ್ನೊಂದು ಗಂಟೆಗೆ ಕತ್ತೆ ಸಾಕುವವರು ಎಲ್ಲಿರುತ್ತಾರೆ ಅಂತ ಒಮ್ಮೆಯೂ ಯೋಚಿಸಿರಲಿಲ್ಲ. ಅವರು ಇಟ್ಟಂಗಿ ಭಟ್ಟಿಯಲ್ಲಿರುತ್ತಾರೆ. ಕತ್ತೆಗಳೂ ಅಲ್ಲೇ ಇರುತ್ತವೆ.

ನಾನು ವಿಜಯಪುರದ ಕಡೆಯವನು. ಪಶುವೈದ್ಯಕೀಯ ಪರೀಕ್ಷಕನಾಗಿ ದುಡಿದು ನಿವೃತ್ತನಾಗಿದ್ದೇನೆ. ಡಾಕ್ಟರ್ ಅಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನೌಕರಿಯಲ್ಲಿದ್ದಾಗ ಎಮ್ಮೆ, ಆಕಳು, ಕುರಿ ನೋಡಿದ್ದೇ ಜಾಸ್ತಿ. ಕತ್ತೆಯನ್ನು ಆಸ್ಪತ್ರೆಗೆ ಯಾರೂ ಹೊಡೆದುಕೊಂಡು ಬರುತ್ತಿರಲಿಲ್ಲ, ಹಾಗಾಗಿ ಅವುಗಳಿಗೆ ರೋಗವೇ ಬರುವುದಿಲ್ಲ ಅಂದುಕೊಂಡಿದ್ದೆ. ಭಟ್ಟಿಗೆ ಹೋಗಿ ನೋಡಿದ ಮೇಲೆ ಗೊತ್ತಾಯಿತು. ಅಲ್ಲಿ ಹುಣ್ಣಿಲ್ಲದ ಬೆನ್ನು ಹುಡುಕಬೇಕಿತ್ತು.

ಪಶುವೈದ್ಯಕೀಯ ಓದುತ್ತಿರುವವರು, ಊರಿನ ಸಂಘದ ಹುಡುಗರು, ಭಟ್ಟಿ ಪಕ್ಕದ ಶಾಲೆಯ ಮೇಷ್ಟ್ರುಗಳು ಆಗಾಗ ಕೇಳುತ್ತಾರೆ, 'ನಾವೂ ಏನಾದರೂ ಮಾಡಬಹುದಾ?' ಅಂತ. ಮಾಡಬಹುದು. ನಾನು ಎಡವಿದ ಕಡೆ ನೀವು ಎಡವದಿದ್ದರೆ ಸಾಕು.

ಎಲ್ಲಿ, ಯಾವಾಗ, ಯಾರ ಹತ್ತಿರ

ಭಟ್ಟಿಯಲ್ಲಿ ಕೆಲಸ ಶುರುವಾಗುವುದು ನಸುಕಿಗೆ, ನಾಲ್ಕಕ್ಕೋ ಐದಕ್ಕೋ. ಆಗ ಹೋಗಬೇಡಿ, ಬೈಸಿಕೊಳ್ಳುತ್ತೀರಿ. ಸಂಜೆ ಹೊರೆ ಇಳಿಸಿ, ಕತ್ತೆಗಳನ್ನು ಬಿಟ್ಟು, ಒಲೆ ಹೊತ್ತಿಸುವ ಹೊತ್ತಿಗೆ ಹೋಗಿ. ಮಳೆಗಾಲದಲ್ಲಿ ಭಟ್ಟಿ ಬಂದ್ ಆಗುತ್ತದೆ. ಜನ ಅವರವರ ಊರಿಗೆ ಹೋಗುತ್ತಾರೆ. ಅಲ್ಲೇ ಹೋಗಿ ಕೂತರೆ ಇನ್ನೂ ಒಳ್ಳೆಯದು, ಪುರುಸೊತ್ತಾಗಿ ಮಾತಾಡುತ್ತಾರೆ.

ಮಾತು ಮನೆಯ ಯಜಮಾನನ ಹತ್ತಿರ ಮಾತ್ರ ಆಡಿ ಬರಬೇಡಿ. ನಾನು ಎರಡು ವರ್ಷ ಅದೇ ತಪ್ಪು ಮಾಡಿದೆ. ಕತ್ತೆ ಹೊಡೆಯುವುದು ಹೆಚ್ಚಾಗಿ ಹುಡುಗರು. ನೀರು ಕುಡಿಸುವುದು, ಗೂಟಕ್ಕೆ ಕಟ್ಟುವುದು, ಹರಿದ ಗೋಣಿಚೀಲ ಹೊಲಿಯುವುದು ಹೆಂಗಸರು. ಯಜಮಾನನಿಗೆ ಲೆಕ್ಕ ಗೊತ್ತು, ಹೆಂಗಸರಿಗೆ ಕತ್ತೆ ಗೊತ್ತು.

ಭಟ್ಟಿ ಮಾಲೀಕನನ್ನೂ ಬಿಡುವ ಹಾಗಿಲ್ಲ. ನೀರಿನ ತೊಟ್ಟಿ, ನೆರಳು, ದಾರಿ ಮೂರೂ ಅವನ ಕೈಯಲ್ಲಿವೆ. ಕತ್ತೆಯವರು ಸೀಸನ್ ಶುರುವಾಗುವ ಮೊದಲೇ ಮುಂಗಡ ತಗೊಂಡಿರುತ್ತಾರೆ, ಕೂಲಿ ಸಾವಿರ ಇಟ್ಟಂಗಿಗೆ ಇಷ್ಟು ಅಂತ. 'ಹೊರೆ ಕಮ್ಮಿ ಮಾಡಪ್ಪಾ' ಅಂತ ಬರೀ ಕತ್ತೆಯವನಿಗೆ ಹೇಳಿದರೆ ಅವನ ಊಟಕ್ಕೆ ಕೈ ಹಾಕಿದ ಹಾಗೆ.

ಮೊದಲ ದಿನ ಉಪದೇಶ ಬೇಡ

ಹೋದ ಕೂಡಲೇ ಹುಣ್ಣು ತೋರಿಸಿ 'ಇದೇನ್ರೀ ಇದು' ಅಂದರೆ ಮಾತು ಅಲ್ಲಿಗೇ ಮುಗಿಯಿತು. ಅವರಿಗೆ ಗೊತ್ತಿರುವುದರಿಂದ ಶುರು ಮಾಡಿ. ಮಹಾರಾಷ್ಟ್ರದ ಜೇಜೂರಿಯ ಕತ್ತೆ ಬಜಾರಿನಲ್ಲಿ ಕೊಂಡು ತಂದವರು ನಮ್ಮ ಕಡೆ ಇದ್ದಾರೆ. ಹಲ್ಲು ನೋಡಿ ವಯಸ್ಸು ಹೇಗೆ ಹೇಳುತ್ತೀರಿ ಅಂತ ಅವರನ್ನು ಕೇಳಿ. ಅರ್ಧ ಗಂಟೆ ಅವರೇ ಪಾಠ ಮಾಡುತ್ತಾರೆ. ಅಷ್ಟರಲ್ಲಿ ನೀವು ಕತ್ತೆಯ ಬಾಯಿ, ಕುತ್ತಿಗೆ, ಬೆನ್ನು ಎಲ್ಲ ನೋಡಿರುತ್ತೀರಿ.

ಎರಡನೇ ಸಲಕ್ಕೆ ಒಂದು ಆಟ ಆಡಿಸಿ. ದುಡಿಯುವ ಕುದುರೆ, ಕತ್ತೆಗಳಿಗಾಗಿ ಕೆಲಸ ಮಾಡುವ ಬ್ರೂಕ್ ಸಂಸ್ಥೆಯವರು 'ನಾನೇ ಕುದುರೆಯಾಗಿದ್ದರೆ' ಅಂತ ಆಡಿಸುತ್ತಾರೆ. ನಾವು ಅದನ್ನು ಕತ್ತೆಗೆ ಇಳಿಸಿಕೊಂಡೆವು. ನೆಲದ ಮೇಲೆ ಇದ್ದಿಲಿನಿಂದ ದೊಡ್ಡ ಕತ್ತೆ ಬರೆಯಿರಿ. 'ನೀನೇ ಈ ಕತ್ತೆಯಾಗಿದ್ದರೆ ನಿನ್ನ ಧಣಿಯಿಂದ ಏನು ಬೇಕು?' ಅಂತ ಒಬ್ಬೊಬ್ಬರನ್ನೇ ಕೇಳಿ. ಮೊದಲು ನಗುತ್ತಾರೆ. 'ಕತ್ತಿಗೇನ್ ಗೊತ್ತಾಗತೈತ್ರಿ ಸಾಹೇಬ್ರ' ಅಂತ ಒಬ್ಬ ಅಂದ. ಅವನ ಹೆಂಡತಿ ಹಿಂದಿನಿಂದ, 'ಮಧ್ಯಾಹ್ನ ನೀರಡಿಸಿದಾಗ ನಿನಗ ಗೊತ್ತಾಗೂದಿಲ್ಲೇನು?' ಅಂದಳು. ಆಮೇಲೆ ಒಂದೊಂದೇ ಬಂತು: ನೀರು, ನೆರಳು, ಹೊಡೆಯದ ಕೈ, ಮೆತ್ತನೆ ಗಾದಿ, ಜೊತೆಗೊಂದು ಕತ್ತೆ.

ಆಮೇಲೆ ಹುಣಸೆ ಬೀಜ ಹಂಚಿ. ಎಲ್ಲರೂ ಗುಂಪಾಗಿ ಒಂದೊಂದು ಕತ್ತೆಯ ಹತ್ತಿರ ಹೋಗಿ, ಅವರೇ ಹೇಳಿದ ಒಂದೊಂದು ವಿಷಯಕ್ಕೂ ಐದರಲ್ಲಿ ಎಷ್ಟು ಬೀಜ ಅಂತ ಇಡಬೇಕು. ನಿಮ್ಮ ಬಾಯಿಂದ ಒಂದು ಮಾತೂ ಬರಬಾರದು. ಪಕ್ಕದವರ ಕತ್ತೆಯ ಹುಣ್ಣು ಎಲ್ಲರ ಕಣ್ಣಿಗೂ ಬೇಗ ಬೀಳುತ್ತದೆ, ಅಲ್ವಾ? ಮುಂದಿನ ವಾರ ಹೋಗುವಷ್ಟರಲ್ಲಿ ಕಮ್ಮಿ ಬೀಜ ಬಿದ್ದವರು ಏನೋ ಒಂದು ಸರಿ ಮಾಡಿಕೊಂಡಿರುತ್ತಾರೆ.

ಒಂದು ಭೇಟಿಗೆ ಒಂದೇ ವಿಷಯ ಹೇಳಿ. ನಾನು ಸಾಮಾನ್ಯವಾಗಿ ಬೆನ್ನಿನಿಂದ ಶುರು ಮಾಡುತ್ತೇನೆ.

ಬೆನ್ನು ಮತ್ತು ಗಾದಿ

ಹುಣ್ಣು ಆಗುವುದು ಭಾರದಿಂದ ಮಾತ್ರ ಅಲ್ಲ, ಭಾರ ಕೂರುವ ಜಾಗದಿಂದ. ಒಂದು ಗೋಣಿಚೀಲ ಮಡಚಿ ಬೆನ್ನ ಮೇಲೆ ಎಸೆದು ಹೊರೆ ಹೇರಿದರೆ ಅಷ್ಟೂ ಭಾರ ಬೆನ್ನೆಲುಬಿನ ಮೇಲೆ ಬೀಳುತ್ತದೆ. ಕತ್ತೆಯ ಬೆನ್ನೆಲುಬು ಮೊದಲೇ ಎದ್ದು ಕಾಣುವಂಥದ್ದು, ಮೇಲೆ ಮಾಂಸ ಕಮ್ಮಿ.

ಹೊಸದೇನೂ ಕೊಳ್ಳಬೇಕಾಗಿಲ್ಲ. ಎರಡು ಸೆಣಬಿನ ಚೀಲ, ಒಣ ಹುಲ್ಲು, ಒಂದು ಹಳೆ ಕೌದಿ, ದಬ್ಬಣ ಇದ್ದರೆ ಆಯಿತು. ಚೀಲಗಳಲ್ಲಿ ಹುಲ್ಲನ್ನು ಗಟ್ಟಿಯಾಗಿ ತುರುಕಿ ತೊಡೆ ಗಾತ್ರದ ಎರಡು ಉರುಳೆ ಮಾಡಿ. ಅಂಗೈಯಿಂದ ಒತ್ತಿದರೆ ಕುಸಿಯಬಾರದು. ಎರಡನ್ನೂ ಅಕ್ಕಪಕ್ಕ ಇಟ್ಟು ನಡುವೆ ನಾಲ್ಕು ಬೆರಳಿನ ಸಂದಿ ಬಿಟ್ಟು ಹೊಲಿಯಿರಿ. ಉರುಳೆಗಳು ಬೆನ್ನೆಲುಬಿನ ಎರಡೂ ಬದಿಗೆ ಕೂರಬೇಕು, ಎಲುಬು ಸಂದಿಯಲ್ಲಿ ಉಳಿಯಬೇಕು. ಚರ್ಮಕ್ಕೆ ತಾಗುವ ಕಡೆ ಹಳೆ ನೂಲಿನ ಸೀರೆ ಅಥವಾ ಧೋತರ ಹಾಕಿ. ಗೊಬ್ಬರದ ಪ್ಲಾಸ್ಟಿಕ್ ಚೀಲ ಮಾತ್ರ ಬೇಡ. ಅದು ಬೆವರು ಹೀರುವುದಿಲ್ಲ, ಬೆನ್ನು ಬೇಯುತ್ತದೆ. ಉರುಳೆಗಳ ಮೇಲೆ ಕೌದಿ ಮಡಚಿ ಹಾಕಿ, ಅದರ ಮೇಲೆ ಹೊರೆ.

ಸರಿ ಕೂತಿದೆಯಾ ಅಂತ ನೋಡುವುದು ಸುಲಭ. ಹೊರೆ ಹೇರಿದ ಮೇಲೆ ಕತ್ತೆಯ ಹಿಂದೆ, ಸ್ವಲ್ಪ ದೂರ ನಿಂತು ಬಗ್ಗಿ ನೋಡಿ. ಸಂದಿಯಲ್ಲಿ ಆಚೆ ಕಡೆಯ ಬೆಳಕು ಕಾಣಬೇಕು. ಕಾಣದಿದ್ದರೆ ಉರುಳೆ ಕುಸಿದಿದೆ, ಮತ್ತೆ ಹುಲ್ಲು ತುಂಬಬೇಕು. ಹೊರೆ ಇಳಿಸಿದ ಕೂಡಲೇ ಬೆನ್ನಿನ ಮೇಲಿನ ಬೆವರಿನ ಗುರುತು ನೋಡಿ. ಎರಡೂ ಬದಿ ಒಂದೇ ಸಮ ಒದ್ದೆಯಾಗಿದ್ದರೆ ಗಾದಿ ಚೆನ್ನಾಗಿದೆ. ಒದ್ದೆಯ ನಡುವೆ ರೂಪಾಯಿ ಅಗಲದ ಒಣ ಜಾಗ ಇದ್ದರೆ ಅಲ್ಲಿ ಒತ್ತಡ ಜಾಸ್ತಿ ಅಂತ ಅರ್ಥ. ಇವತ್ತು ಒಣ ಚುಕ್ಕೆ, ಮುಂದೆ ಅಲ್ಲೇ ಹುಣ್ಣು. ಬೆನ್ನ ಮೇಲೆ ಅಲ್ಲಲ್ಲಿ ಬಿಳಿ ಕೂದಲು ಕಂಡರೆ ಅವು ಹಳೆಯ ಹುಣ್ಣುಗಳ ಗುರುತು. ಈ ಒಣ ಚುಕ್ಕೆಯನ್ನು ಹುಡುಗರಿಗೆ ತೋರಿಸಿ. ಒಂದು ಸಲ ಕಲಿತರೆ ಮತ್ತೆ ಬಿಡುವುದಿಲ್ಲ, ಆಟದ ಹಾಗೆ ಹುಡುಕುತ್ತಾರೆ.

ಬಾಲದ ಕೆಳಗೆ ಹಾಯುವ ಹಗ್ಗ, ಮುಂಗಾಲಿಗೆ ಕಟ್ಟುವ ಹಗ್ಗ ನೈಲಾನ್ ಇದ್ದರೆ ಗರಗಸವಿದ್ದ ಹಾಗೆ. ಹಳೆ ಸೀರೆ ಹರಿದು ಮೂರು ಎಳೆಯಾಗಿ ಹೆಣೆದರೆ ಅಗಲವಾದ ಮೆತ್ತನೆ ಪಟ್ಟಿ ಆಗುತ್ತದೆ.

ಆಗಲೇ ಹುಣ್ಣಾಗಿದ್ದರೆ, ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಎರಡು ಚಹಾ ಚಮಚದಷ್ಟು ಉಪ್ಪು ಹಾಕಿ ತೊಳೆಯಬೇಕು, ನೊಣ ಕೂರದಂತೆ ನೋಡಿಕೊಳ್ಳಬೇಕು, ಮಾಯುವ ತನಕ ಆ ಕತ್ತೆಗೆ ರಜೆ. ಸುಟ್ಟ ಇಂಜಿನ್ ಆಯಿಲ್, ಬ್ಯಾಟರಿ ನೀರು ಹಾಕುವವರಿದ್ದಾರೆ. ಅದು ಹುಳ ಕೊಲ್ಲುವುದಕ್ಕಿಂತ ಹೆಚ್ಚಾಗಿ ಹುಣ್ಣಿನ ಸುತ್ತಲ ಒಳ್ಳೆ ಚರ್ಮವನ್ನೇ ಸುಡುತ್ತದೆ. 'ಹಾಕಬೇಡಿ' ಅಂತ ಸುಮ್ನೆ ಹೇಳಿ ಎದ್ದು ಬರಬೇಡಿ. ಉಪ್ಪು ನೀರಿನಲ್ಲಿ ತೊಳೆದು ತೋರಿಸಿ, ನಾಲ್ಕು ದಿನ ಬಿಟ್ಟು ಮತ್ತೆ ಹೋಗಿ ಒಟ್ಟಿಗೆ ನೋಡಿ.

ಹೊರೆಯ ಲೆಕ್ಕ

ಕಾನೂನು ಇದೆ. 1965ರ ಹೇರು ಪ್ರಾಣಿಗಳ ನಿಯಮದ ಪ್ರಕಾರ ಕತ್ತೆಯ ಮೇಲೆ 50 ಕೆಜಿಗಿಂತ ಜಾಸ್ತಿ ಹೇರುವ ಹಾಗಿಲ್ಲ. ದಿನಕ್ಕೆ ಒಟ್ಟು ಒಂಬತ್ತು ಗಂಟೆ, ಒಂದೇ ಸಮ ಐದು ಗಂಟೆಗಿಂತ ಹೆಚ್ಚು ದುಡಿಸುವ ಹಾಗಿಲ್ಲ. ಬಿಸಿಲು 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ 12ರಿಂದ 3ರ ತನಕ ಕೆಲಸ ಬಂದ್. ನಮ್ಮ ಕಡೆ ಏಪ್ರಿಲ್ ಬಂದರೆ ದಿನಾ ಇದು ಲಾಗೂ ಆಗುತ್ತದೆ. ಆದರೆ ಕಾನೂನನ್ನು ಜೇಬಿನಲ್ಲಿಟ್ಟುಕೊಂಡಿರಿ. ಅದು ಭಟ್ಟಿ ಮಾಲೀಕನ ಮುಂದೆ ತೆಗೆಯುವ ಕಾಗದ, ಕತ್ತೆಯವನ ಮುಂದೆ ಅಲ್ಲ.

ಕತ್ತೆಯವನ ಮುಂದೆ ತಕ್ಕಡಿ ಇಡಿ. ಗುಜರಿ ಅಂಗಡಿಯಿಂದ ತೂಗುಗೊಕ್ಕೆ ತಂದು ಹತ್ತು ಹಸಿ ಇಟ್ಟಂಗಿ ತೂಗಿದೆವು. 34 ಕೆಜಿ ಬಂತು. ಹೇರುತ್ತಿದ್ದದ್ದು 24 ಇಟ್ಟಂಗಿ, ಅಂದರೆ 81 ಕೆಜಿ ಮೇಲೆ. 'ಒಣ ಇಟ್ಟಂಗಿ ಲೆಕ್ಕದಾಗ ಹೇರತಿದ್ವಿ' ಅಂದ ಹಿರಿಯ. ಹಸಿಯಲ್ಲಿ ನೀರಿನ ತೂಕವೂ ಇರುತ್ತದೆ ಅಂತ ಅವನಿಗೆ ಗೊತ್ತಿರಲಿಲ್ಲ ಅಂತಲ್ಲ, ಯಾರೂ ತೂಗಿ ನೋಡಿರಲಿಲ್ಲ ಅಷ್ಟೇ. ಒದ್ದೆ ಮರಳಿನ ಕತೆಯೂ ಇದೇ.

50 ಕೆಜಿಗೆ ಬರಬೇಕಾದರೆ 14 ಇಟ್ಟಂಗಿ. ಸಾವಿರ ಇಟ್ಟಂಗಿಗೆ ಮೊದಲು 42 ಸುತ್ತು, ಈಗ 72. ಯಾರು ಒಪ್ಪುತ್ತಾರೆ? ಒಪ್ಪಲಿಲ್ಲ. ಆ ಸೀಸನ್ 18ಕ್ಕೆ ನಿಂತಿತು. ಅದೂ 61 ಕೆಜಿ, ಕಾನೂನಿನ ಗೆರೆಯ ಮೇಲೇ. ಮರುವರ್ಷ ಭಟ್ಟಿ ಮಾಲೀಕನನ್ನು ಹಿಡಿದುಕೊಂಡೆವು. ಇಟ್ಟಂಗಿ ಒಣಗಿಸುವ ಬಯಲನ್ನು ಭಟ್ಟಿಯ ಹತ್ತಿರಕ್ಕೆ ತರಿಸಿ, ದಾರಿಯ ತಗ್ಗುಗಳಿಗೆ ಬೂದಿ, ಇಟ್ಟಂಗಿ ಚೂರು ತುಂಬಿಸಿದೆವು. ಸುತ್ತು ಸಣ್ಣದಾದ ಮೇಲೆ 14ರ ಮಾತು ಆಡಲು ಬಾಯಿ ಬಂತು. ನಾಲ್ಕು ಮನೆಯವರು ಒಪ್ಪಿದರು, ಇಬ್ಬರು ಒಪ್ಪಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದೇನೆ.

ಇನ್ನೊಂದು ಲೆಕ್ಕವೂ ಹೇಳಿ. ದೇಶದಲ್ಲಿ 2012ರ ಜಾನುವಾರು ಗಣತಿಯಲ್ಲಿ ಸುಮಾರು 3.2 ಲಕ್ಷ ಕತ್ತೆಗಳಿದ್ದವು. 2019ಕ್ಕೆ 1.2 ಲಕ್ಷ ಉಳಿದವು. ಇದ್ದ ಕತ್ತೆ ಸತ್ತರೆ ಮೊದಲಿನ ಹಾಗೆ ಇನ್ನೊಂದು ಸಿಗುವುದಿಲ್ಲ. ಈ ಮಾತಿಗೆ ಯಾರೂ ಎದುರಾಡುವುದಿಲ್ಲ, ಯಾಕೆಂದರೆ ಬಜಾರಿನಲ್ಲಿ ಬೆಲೆ ಕೇಳಿ ಬಂದವರು ಅವರೇ.

ನೀರು

ದುಡಿಯುವ ಕತ್ತೆಗೆ ದಿನಕ್ಕೆ 10ರಿಂದ 25 ಲೀಟರ್ ನೀರು ಬೇಕು. ಕತ್ತೆ ಬಾಯಾರಿಕೆ ತಡೆದುಕೊಳ್ಳುತ್ತದೆ ಅನ್ನುವುದು ನಿಜ, ಆ ಗುಣವೇ ಅದಕ್ಕೆ ಮುಳುವು. ಅದರ ಜೊತೆಗೆ ಕೊಳಕು ನೀರು ಮುಟ್ಟುವುದಿಲ್ಲ. ಎರಡು ಬಕೆಟ್ ಇಟ್ಟು ತೋರಿಸಿ, ಒಂದರಲ್ಲಿ ಭಟ್ಟಿ ಹೊಂಡದ ಪಾಚಿ ನೀರು, ಇನ್ನೊಂದರಲ್ಲಿ ಕೊಳವೆಬಾವಿಯದು. ಒಂದು ಕತ್ತೆ ಪಾಚಿ ಬಕೆಟ್ ಮೂಸಿ, ತುಟಿ ಮೇಲೆತ್ತಿ, ಪಕ್ಕಕ್ಕೆ ಸರಿದು ಇನ್ನೊಂದನ್ನು ತಳ ಕಾಣುವ ತನಕ ಕುಡಿಯಿತು. 'ಇದಕ್ಕ ನೀರಡಿಕಿನ ಇಲ್ಲ' ಅಂತಿದ್ದ ಹುಡುಗ ಸುಮ್ಮನೆ ಎದ್ದು ಮತ್ತೊಂದು ಬಕೆಟ್ ತಂದ.

ಮೈ ಬಿಸಿ ಇರುವಾಗ ನೀರು ಕುಡಿಸಿದರೆ ಹೊಟ್ಟೆನೋವು ಬರುತ್ತದೆ ಅಂತ ಬಹಳ ಜನ ನಂಬಿದ್ದಾರೆ. ಬರುವುದಿಲ್ಲ. ಕೆಲಸದ ನಡುವೆಯೂ ಕುಡಿಸಬಹುದು, ಕುಡಿಸಬೇಕು.

ಕಾಲು ಹಿಡಿಯುವುದು

ಗಾದೆ ಮಾಡಿದವರು ಕತ್ತೆ ಕಾಲು ಹಿಡಿಯುವುದನ್ನು ಅವಮಾನ ಅಂದುಕೊಂಡರು. ನಮ್ಮಲ್ಲಿ ಅದು ದಿನದ ಕೆಲಸ. ಕತ್ತೆಯ ಭುಜದ ಪಕ್ಕ, ಬಾಲದ ಕಡೆ ಮುಖ ಮಾಡಿ ನಿಲ್ಲಿ. ಭುಜದಿಂದ ಕೈಯನ್ನು ನಿಧಾನ ಕೆಳಗೆ ಇಳಿಸಿ. ದಿನಾ ಒಂದೇ ಮಾತು ಹೇಳಿ, 'ಎತ್ತು' ಅಂತಲೋ ಏನೋ. ಕಾಲು ಸ್ವಲ್ಪವೇ ಎತ್ತಿ, ಪಕ್ಕಕ್ಕೆ ಎಳೆಯಬೇಡಿ, ಕೀಲು ನೋಯುತ್ತದೆ. ಮೊದಲ ದಿನ ಎರಡು ಎಣಿಸುವಷ್ಟು ಹಿಡಿದು, ಅದು ಕಿತ್ತುಕೊಳ್ಳುವ ಮೊದಲೇ ನೀವೇ ಇಳಿಸಿಬಿಡಿ. ವಾರದಲ್ಲಿ ನಿಂತು ಕೊಡುತ್ತದೆ.

ಮೊಂಡಾದ ಕಡ್ಡಿಯಿಂದ ಹಿಮ್ಮಡಿಯಿಂದ ತುದಿಯ ಕಡೆಗೆ ಮಣ್ಣು, ಕಲ್ಲು ತೆಗೆಯಿರಿ. ಕೊಳೆತ ವಾಸನೆ ಬಂದರೆ ಗೊರಸು ಒಳಗೆ ಕೊಳೆಯುತ್ತಿದೆ. ಕತ್ತೆ ಕಟ್ಟುವ ಜಾಗ ಒಣಗಿಸದೆ ಬರೀ ಔಷಧಿ ಹಾಕಿ ಪ್ರಯೋಜನವಿಲ್ಲ. ಆರರಿಂದ ಹತ್ತು ವಾರಕ್ಕೊಮ್ಮೆ ಗೊರಸು ಕತ್ತರಿಸಬೇಕು, ಅದು ಕಲಿತವರ ಕೆಲಸ. ಕುದುರೆಗೆ ಲಾಳ ಕಟ್ಟುವವರನ್ನು ಕರೆಸಿದರೆ ಒಂದು ಮಾತು ಹೇಳಿ: ಕತ್ತೆಯ ಗೊರಸು ಕುದುರೆಯದಕ್ಕಿಂತ ನೆಟ್ಟಗಿರುತ್ತದೆ, ಕುದುರೆಯ ಓರೆಗೆ ಕೆತ್ತಬಾರದು.

ಮೂಗು ಸೀಳುವುದು, ಬರೆ ಹಾಕುವುದು

ಉಸಿರು ಚೆನ್ನಾಗಿ ಆಡಲಿ ಅಂತ ಮೂಗಿನ ಹೊಳ್ಳೆ ಸೀಳುವವರಿದ್ದಾರೆ. ಅಜ್ಜನ ಕಾಲದಿಂದ ಬಂದದ್ದು. ನಗಬೇಡಿ, ಬೈಯಬೇಡಿ. ಸೀಳಿದ ಕತ್ತೆಯನ್ನೂ ಸೀಳದ ಕತ್ತೆಯನ್ನೂ ಪಕ್ಕದಲ್ಲಿ ನಿಲ್ಲಿಸಿ. ಓಡಿ ಬಂದ ಮೇಲೆ ಸೀಳದ ಹೊಳ್ಳೆ ತಾನಾಗಿ ಎಷ್ಟು ಅಗಲವಾಗುತ್ತದೆ ನೋಡಿಸಿ. ಸೀಳಿದ್ದು ಗಾಯ ಕಟ್ಟಿ ಬಿಗಿಯಾಗಿರುತ್ತದೆ, ಅರಳುವುದಿಲ್ಲ. ಕತ್ತೆ ಉಸಿರಾಡುವುದು ಮೂಗಿನಿಂದಲೇ. ಬರೆ ಹಾಕುವುದೂ ಹೀಗೇ. ಒಳಗಿನ ನೋವು ಹಾಗೇ ಇರುತ್ತದೆ, ಮೇಲೆ ಸುಟ್ಟ ಗಾಯ ಒಂದು ಹೊಸದು.

ಮೇವು ಬಿಟ್ಟರೆ

ಇದನ್ನು ಬರೆಯಲು ನನಗೆ ಮನಸ್ಸಿಲ್ಲ, ಆದರೂ ಬರೆಯಬೇಕು. ಒಂದು ಹೆಣ್ಣು ಕತ್ತೆ, ಮೈ ತುಂಬಿಕೊಂಡದ್ದು, ಎರಡು ದಿನದಿಂದ ಮೇವು ಮುಟ್ಟಿರಲಿಲ್ಲ. ಒದ್ದಾಡುತ್ತಿರಲಿಲ್ಲ, ಕೂಗುತ್ತಿರಲಿಲ್ಲ. ಕಿವಿ ಜೋತು ಹಾಕಿ ಗೋಡೆ ಕಡೆ ಮುಖ ಮಾಡಿ ನಿಂತಿತ್ತು. ಎತ್ತಿಗೆ ಹೇಳುವ ಹಾಗೆ ಹೇಳಿದೆ: 'ಹೊಟ್ಟೆ ಕೆಟ್ಟಿರಬೇಕು, ಇನ್ನೆರಡು ದಿನ ಉಪವಾಸ ಇರಲಿ, ಬೇರೆ ಕಡೆ ಕಟ್ಟು.' ನಾಲ್ಕನೇ ದಿನ ಸತ್ತಿತು. ಆ ಮನೆಯವರು ನನಗೆ ಒಂದು ಮಾತೂ ಅನ್ನಲಿಲ್ಲ, ಚಹಾ ಕೊಟ್ಟು ಕಳಿಸಿದರು.

ಆಮೇಲೆ ಒಬ್ಬ ಹಿರಿಯ ವೈದ್ಯರು ಬಿಡಿಸಿ ಹೇಳಿದರು. ಕತ್ತೆ ತಿನ್ನುವುದು ಬಿಟ್ಟರೆ ಮೈಯ ಕೊಬ್ಬೆಲ್ಲ ಕರಗಿ ರಕ್ತಕ್ಕೆ ಇಳಿಯುತ್ತದೆ, ಯಕೃತ್ತು ಕೈ ಕೊಡುತ್ತದೆ. ಮೈ ತುಂಬಿಕೊಂಡ ಕತ್ತೆ, ಗಬ್ಬದ ಕತ್ತೆಗೆ ಅಪಾಯ ಜಾಸ್ತಿ. ಜೊತೆಗಾರ ಕತ್ತೆಯಿಂದ ಬೇರೆ ಮಾಡಿದರೆ ಆ ಚಿಂತೆಗೇ ಮೇವು ಬಿಡುತ್ತದೆ. ನಾನು ಎರಡನ್ನೂ ಮಾಡಿದ್ದೆ.

ಆದ್ದರಿಂದ ಒಂದು ದಿನ ಮೇವು ಮುಟ್ಟಲಿಲ್ಲ ಅಂದರೆ ತುರ್ತು ಅಂತಲೇ ತಿಳಿಯಿರಿ. 1962ಕ್ಕೆ ಫೋನ್ ಮಾಡಿಸಿ, ಸಂಚಾರಿ ಪಶು ಚಿಕಿತ್ಸಾ ವಾಹನ ಬರುತ್ತದೆ. ಬರುವ ತನಕ ಜೊತೆಗಾರನನ್ನು ಪಕ್ಕದಲ್ಲೇ ಕಟ್ಟಿ, ಹಸಿ ಹುಲ್ಲು ಮೂತಿಯ ಹತ್ತಿರ ಹಿಡಿದು ನೋಡಿ. ಗೊಟ್ಟದಲ್ಲಿ ಎಣ್ಣೆ, ಕಷಾಯ ಬಲವಂತವಾಗಿ ಹೊಯ್ಯಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಥರ್ಮಾಮೀಟರ್ ಇಡುವವರು ನೆನಪಿಡಿ: ದೊಡ್ಡ ಕತ್ತೆಯ ಮೈ ಬಿಸಿ ಸರಾಸರಿ 37.1 ಡಿಗ್ರಿ ಸೆಲ್ಸಿಯಸ್. ಆಕಳಿನ ಅಳತೆ ಹಿಡಿದರೆ ಜ್ವರವೇ ಕಾಣುವುದಿಲ್ಲ.

ಉಳಿದವು

ಜೋಳದ ಕಣಿಕೆ, ಗೋಧಿ ಹೊಟ್ಟು, ಒಣ ಹುಲ್ಲು ಕತ್ತೆಗೆ ಒಗ್ಗುತ್ತವೆ. ಬೂಸಲು ಹಿಡಿದದ್ದು, ಎಳೆ ಜೋಳದ ಚಿಗುರು ಬೇಡ. ರಾತ್ರಿ ಊರೊಳಗೆ ಮೇಯಲು ಬಿಟ್ಟರೆ ಪ್ಲಾಸ್ಟಿಕ್ ತಿನ್ನುತ್ತವೆ, ಕಳುವೂ ಆಗುತ್ತವೆ. ಆಂಧ್ರದ ಕೆಲವು ಕಡೆ ಕತ್ತೆ ಮಾಂಸಕ್ಕೆ ಗಿರಾಕಿ ಇದೆ, ಆಹಾರ ಕಾನೂನಿನಲ್ಲಿ ಅದಕ್ಕೆ ಅನುಮತಿ ಇಲ್ಲದಿದ್ದರೂ. ಮೊಳೆ ಚುಚ್ಚುವ ಜಾಗದಲ್ಲಿ ದುಡಿಯುವುದರಿಂದ ಧನುರ್ವಾಯು ಲಸಿಕೆ ಹಾಕಿಸಿ. ಮೂಗಿನಿಂದ ಹಳದಿ ಸಿಂಬಳ, ಕಾಲಿನ ಮೇಲೆ ಒಡೆಯುವ ಗಂಟು ಕಂಡರೆ ಮುಟ್ಟದೆ ಆಸ್ಪತ್ರೆಗೆ ತಿಳಿಸಿ. ಗ್ಲಾಂಡರ್ಸ್ ಇರಬಹುದು, ಅದು ಮನುಷ್ಯರಿಗೂ ಹತ್ತುತ್ತದೆ.

ಮಳೆ ಬರದ ವರ್ಷ ನಮ್ಮ ಊರುಗಳಲ್ಲಿ ಕತ್ತೆ ಮದುವೆ ಮಾಡುತ್ತಾರೆ, ಗೊತ್ತಲ್ಲ. ಅರಿಶಿನ ಹಚ್ಚಿ, ಸೀರೆ ಹೊದಿಸಿ, ಮೆರವಣಿಗೆ. ನನಗೆ ಅದು ಒಳ್ಳೆ ಸಂದರ್ಭ. ಊರೆಲ್ಲ ಕತ್ತೆಯ ಸುತ್ತ ಸೇರಿರುತ್ತದೆ, ಅವತ್ತು ಹೊರೆ ಇರುವುದಿಲ್ಲ, ಅರಿಶಿನ ಹಚ್ಚುವಾಗ ಬೆನ್ನಿನ ಹುಣ್ಣು ಎಲ್ಲರಿಗೂ ಕಾಣುತ್ತದೆ. ಶಾಮಿಯಾನವೂ ಬೇಡ, ಮೈಕೂ ಬೇಡ.

ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಕತ್ತೆಯ ಗುರುತು, ಹುಣ್ಣು ಎಲ್ಲಿ, ಎಷ್ಟು ಬೆರಳು ಅಗಲ, ತಾರೀಖು. ಮುಂದಿನ ಸಲ ಹೋದಾಗ ಮನೆಯವರೇ ಬೆರಳಿಟ್ಟು ಅಳೆಯಲಿ.

ಗಾದಿಯ ವಿಷಯದಲ್ಲಿ ಒಂದು ತಿದ್ದುಪಡಿ ಇದೆ. ಮೇಲೆ ಹೇಳಿದ ಹಾಗೆ ಒಳಬಟ್ಟೆಯನ್ನು ಉರುಳೆಗೇ ಸೇರಿಸಿ ನಾನು ಹೊಲಿಸುತ್ತಿದ್ದೆ. ಕೌದಿ ಹೊಲಿಯುವ ಅಜ್ಜಿಯೊಬ್ಬಳು ಅದನ್ನು ಮಗುಚಿ ನೋಡಿ, 'ಇದನ್ನ ಒಗಿಯೂದು ಹ್ಯಾಂಗ? ಹುಲ್ಲಿನ ಸಮೇತ ಹಳ್ಳಕ್ಕ ಒಯ್ಯಬೇಕೇನು?' ಅಂದಳು. ಟಾಕಿ ಬಿಚ್ಚಿ, ಒಳಬಟ್ಟೆಗೆ ನಾಲ್ಕು ಮೂಲೆಯಲ್ಲಿ ಕಸೆ ಹಚ್ಚಿ ಕೊಟ್ಟಳು. ಸಂಜೆ ಬಿಚ್ಚಿ ಒಗೆದು ಹಾಕಿದರೆ ಬೆಳಿಗ್ಗೆಗೆ ಒಣಗಿರುತ್ತದೆ. ಈಗ ಎಲ್ಲ ಕಡೆ ಕಸೆಯ ಗಾದಿಯನ್ನೇ ಹೊಲಿಸುತ್ತೇನೆ. ನೀವೂ ಹಾಗೇ ಮಾಡಿ.